ಹೊಳೆಯಾಚೆ ಕೊಟ್ಟ ಮಗಳು

ಕ್ರೆನ್‌ಷಾ ಮನೆಯಲ್ಲಿ ಆ ಚಳಿಗಾಲ ಒಂದು ಊಟವೂ ಜಗಳವಿಲ್ಲದೆ ಮುಗಿಯಲಿಲ್ಲ. ಹಿತ್ತಿಲ ಅಡುಗೆಮನೆಯಿಂದ ಅಂಗಳ ದಾಟಿ ಬಿಸಿ ತಟ್ಟೆ ಹೊತ್ತು ಬರುತ್ತಿದ್ದ ಟೇಮರ್, ಊಟದ ಕೋಣೆಯ ಬಾಗಿಲು ತಳ್ಳುವ ಮೊದಲೇ ಯಾರ ದನಿ ಎಷ್ಟು ಏರಿದೆ ಎಂದು ಆಲಿಸುತ್ತಿದ್ದಳು. ಯಾರಿಗೆ ಮೊದಲು ಬಡಿಸಬೇಕು ಎನ್ನುವುದು ಅದರ ಮೇಲೆ ನಿಂತಿತ್ತು. ದೊಡ್ಡಧಣಿ ಹೆಜೆಕಾಯ ಮೇಜು ಗುದ್ದುತ್ತಿದ್ದರೆ ಹಂದಿಮಾಂಸ ಮೊದಲು ಅವರಿಗೆ. ಬಾಯಲ್ಲಿ ತುತ್ತಿದ್ದಾಗ ಮನುಷ್ಯ ಕೂಗುವುದು ಸ್ವಲ್ಪ ಕಡಿಮೆ.

ಜಗಳವೆಲ್ಲ ಹೊಳೆಯಾಚೆಯ ನೆಲದ್ದು. ಮಿಸೌರಿ ಹೊಳೆ ದಾಟಿದರೆ ಕ್ಯಾನ್ಸಸ್ ಸೀಮೆ. ಮೊನ್ನೆಮೊನ್ನೆಯವರೆಗೆ ಅದು ಅಲ್ಲಿನ ಮೂಲನಿವಾಸಿ ಇಂಡಿಯನ್ನರಿಗೆ ಎಂದು ಬಿಟ್ಟುಕೊಟ್ಟಿದ್ದ ನೆಲ. ಈಗ ಸರ್ಕಾರ ಅದನ್ನು ಬಿಳಿಯರಿಗೆ ತೆರೆದಿತ್ತು. ಅಲ್ಲಿ ಗುಲಾಮರನ್ನು ಇಟ್ಟುಕೊಳ್ಳಬಹುದೋ ಬಾರದೋ ಎನ್ನುವುದನ್ನು ಅಲ್ಲಿ ನೆಲೆನಿಂತವರೇ ಓಟು ಹಾಕಿ ಹೇಳಲಿ ಎಂದು ಬಿಟ್ಟಿತ್ತು. ಉತ್ತರದವರು ಗಾಡಿ ಕಟ್ಟಿಕೊಂಡು ಬರತೊಡಗಿದ್ದರು. ಹೊಳೆಯ ಈಚೆ ದಂಡೆಯ ಸೆಣಬಿನ ತೋಟಗಳ ಧಣಿಗಳಿಗೆ ನಿದ್ದೆ ಹಾರಿಹೋಗಿತ್ತು.

ದೊಡ್ಡಧಣಿಯ ಎರಡನೆಯ ಮಗ ಜೋಯಲ್ ಕಳೆದ ವರ್ಷ ಒಹಾಯೋದ ಹುಡುಗಿಯನ್ನು ಮದುವೆಯಾಗಿ ಬಂದಿದ್ದ. ಪ್ರುಡೆನ್ಸ್ ಎಂದು ಹೆಸರು. ತನ್ನ ಬಟ್ಟೆ ತಾನೇ ಒಗೆದುಕೊಳ್ಳುತ್ತಿದ್ದಳು, ಅದರಿಂದಲೇ ಅತ್ತೆಯ ಮನಸ್ಸು ಕೆಟ್ಟಿತ್ತು. ಜೋಯಲ್ ಹೋದ ಶರತ್ಕಾಲದಲ್ಲೇ ಹೊಳೆಯಾಚೆ ಒಂದು ತುಂಡು ನೆಲ ಗುರುತು ಮಾಡಿ, ಮರದ ದಿಮ್ಮಿಯ ಗುಡಿಸಲು ಎಬ್ಬಿಸಿ ಬಂದಿದ್ದ. ವಸಂತ ಬರುವಷ್ಟರಲ್ಲಿ ಗಂಡ ಹೆಂಡತಿ ಹೊರಡಬೇಕು.

"ಕ್ರೆನ್‌ಷಾ ಮನೆತನದೋನು ಕೈಯಾರೆ ಉತ್ತು ಬದುಕ್ತಾನಂತೆ," ಎಂದರು ದೊಡ್ಡಧಣಿ. "ನೋಡಿದೋರು ಏನಂತಾರೆ?"

"ಬೆವರು ಸುರಿಸ್ತಾನೆ ಅಂತಾರೆ, ಅಪ್ಪ," ಎಂದ ಜೋಯಲ್.

"ಉತ್ತರದ ಯಾಂಕಿಗಳ ಜೊತೆ ಸೇರ್ಕೊಂಡ ಅಂತಾರೆ! ಕೇಳು. ಎತ್ತು ಕೊಡ್ತೀನಿ, ಗಾಡಿ ಕೊಡ್ತೀನಿ, ಬಿತ್ತನೆ ಕೊಡ್ತೀನಿ. ಆದ್ರೆ ಜೊತೇಲಿ ಒಂದು ಆಳು ಹೋಗ್ಬೇಕು. ಆಳಿಲ್ದೆ ನನ್ನ ಮಗ ಹೊಳೆ ದಾಟಿದ್ರೆ ಅದು ನನ್ನ ಮುಖಕ್ಕೆ ಉಗಿದ ಹಾಗೆ. ಲೆಟಿನ ಸೊಸೆಗೆ ಕೊಡ್ತೀನಿ. ಉಡುಗೊರೆ ಅಂತ ತಿಳ್ಕೋ ಮಗಳೇ."

ಲೆಟಿ ಟೇಮರ್‌ಳ ಮಗಳು. ಹದಿನಾರು ವರ್ಷ. ಮಜ್ಜಿಗೆಯ ಹೂಜಿ ಹಿಡಿದು ಗೋಡೆಗೆ ಒತ್ತಿ ಅಲ್ಲೇ ನಿಂತಿದ್ದಳು. ಯಾರೂ ಅವಳ ಕಡೆ ತಿರುಗಲಿಲ್ಲ.

ಪ್ರುಡೆನ್ಸ್ ಮುಳ್ಳುಚಮಚ ಕೆಳಗಿಟ್ಟಳು. "ಬೇಡ ಮಾವ. ಮನುಷ್ಯರನ್ನ ಉಡುಗೊರೆ ಅಂತ ತಗೊಳ್ಳೋ ಮನೇಲಿ ನಾನು ಬೆಳೆದಿಲ್ಲ."

"ಮನೇಲಿ ಬೆಳೆದಿಲ್ವಂತೆ!" ಎಂದರು ಅತ್ತೆ. "ಅದಕ್ಕೇ ಬಟ್ಟೆ ಒಗೆಯೋ ಕೈ."

ಹಿರಿಯ ಮಗ ಥರ್ಸ್ಟನ್ ನಕ್ಕ. "ಬೇಡ ಅಂದ್ರೆ ಬಿಡಿ ಅಪ್ಪ, ಬಲವಂತ ಯಾಕೆ? ನನ್ನ ಪಾಲಿಗೆ ಹಾಕಿ. ಸೆಣಬು ಕೊಯ್ದ ಮೇಲೆ ನಾನು ಹೇಗೂ ಟೆಕ್ಸಸ್‌ಗೆ ಹೊರಡೋನು. ಆ ಹತ್ತಿ ಸೀಮೇಲಿ ಇಂಥ ಹುಡುಗೀರಿಗೆ ಜನ ಸಾಲು ನಿಲ್ತಾರೆ."

ಟೇಮರ್ ಟರ್ನಿಪ್‌ನ ಬೋಗುಣಿ ಹಿಡಿದು ಮೇಜು ಸುತ್ತಿದಳು. ದೊಡ್ಡಧಣಿಗೆ ಎರಡು ಸಲ ಬಡಿಸಿದ್ದು ಅವಳಿಗೆ ಗೊತ್ತಾಗಲೇ ಇಲ್ಲ.

ಟೆಕ್ಸಸ್ ಎಂದರೆ ಅವಳ ಮಟ್ಟಿಗೆ ಒಂದು ಬಾವಿ. ಅವಳ ಗಂಡ ಏಸಾವ ಪಕ್ಕದ ತೋಟದವರ ಆಳು. ಲೆಟಿ ಇನ್ನೂ ಕುಂಟಾಬಿಲ್ಲೆ ಆಡುವ ವಯಸ್ಸಿನಲ್ಲಿದ್ದಾಗ ಆ ಧಣಿ ತೋಟ ಮಾರಿ ಟೆಕ್ಸಸ್‌ಗೆ ಹೊರಟ. ಧಣಿಯ ಹೆಂಡತಿ ಮಕ್ಕಳು, ಕುದುರೆ, ನೇಗಿಲುಗಳ ಜೊತೆಗೆ ಏಸಾವನೂ ಹೋದ. ರಸ್ತೆಯ ತಿರುವಿನಲ್ಲಿ ಟೋಪಿ ಎತ್ತಿದ್ದೇ ಕೊನೆ. ಅಲ್ಲಿಂದ ಒಂದು ಮಾತು ಬಂದಿರಲಿಲ್ಲ.

ಅಡುಗೆಮನೆಯಲ್ಲಿ ಅವಳ ತಾಯಿ ಡೋರ್ಕಸ್ ಒಲೆಯ ಪಕ್ಕ ಗಿಡ್ಡ ಕಾಲಿನ ಮಣೆಯ ಮೇಲೆ ಕುಳಿತಿದ್ದಳು. ಹಿಂದಿನ ವರ್ಷ ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿ, ಈಗ ತುತ್ತನ್ನೂ ಮಗಳೇ ಬಾಯಿಗಿಡಬೇಕಿತ್ತು. ನಾಲಿಗೆ ಮಾತ್ರ ಬಿದ್ದಿರಲಿಲ್ಲ.

"ಆ ಒಹಾಯೋದೋಳು ಬೇಡ ಅಂದ್ಲಂತೆ?"

"ಅಂದ್ಲು."

"ಒಳ್ಳೆ ಹೆಂಗಸು," ಎಂದಳು ಡೋರ್ಕಸ್. "ಒಳ್ಳೇರ ಸಹವಾಸ ನಮಗೆ ಒಗ್ಗೋದಲ್ಲ. ಅವರ ಒಳ್ಳೇತನಕ್ಕೆ ನಾವು ಟೆಕ್ಸಸ್‌ವರೆಗೆ ನಡೀಬೇಕು."

ಮರುದಿನ ಪ್ರುಡೆನ್ಸ್ ಬಾವಿಕಟ್ಟೆಯ ಹತ್ತಿರ ಹೊದಿಕೆ ಹಿಂಡುತ್ತಿದ್ದಳು. ಟೇಮರ್ ಬೂದಿಬುಟ್ಟಿ ಕೆಳಗಿಟ್ಟು, ಕೇಳದೆಯೇ ಹೊದಿಕೆಯ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಎದುರುಬದುರು ನಿಂತು ತಿರುಚಿದರು.

"ಅಮ್ಮಾವ್ರೇ, ಲೆಟಿನ ತಗೊಳ್ಳಿ."

ಪ್ರುಡೆನ್ಸ್ ತಬ್ಬಿಬ್ಬಾದಳು. "ಟೇಮರ್, ನಿನಗೆ ತಪ್ಪು ತಿಳುವಳಿಕೆ ಆಗಿದೆ. ನಾನು ಬೇಡ ಅಂದಿದ್ದು ನಿಮ್ಮ ಪರವಾಗಿ."

"ಗೊತ್ತು. ನಮ್ಮ ಪರವಾಗಿ ಬೇಡ ಅಂದ್ರಿ. ಈಗ ಅವಳು ಥರ್ಸ್ಟನ್ ಧಣಿ ಪಾಲು. ಟೆಕ್ಸಸ್‌ಗೆ ಹೋಗ್ತಾಳೆ, ಅಲ್ಲಿ ಯಾವನಿಗೋ ಮಾರ್ತಾರೆ. ನೀವು ಕೇಳಿದ್ರೆ ಹೊಳೆ ದಾಟ್ತಾಳೆ."

"ದಾಟಿ? ನನ್ನ ಗುಲಾಮಳಾಗಿ ಇರೋದಾ? ನಾನು ಇನ್ನೊಬ್ಬಳ ಒಡತಿ ಅನ್ನಿಸ್ಕೊಂಡ್ರೆ ನಮ್ಮಪ್ಪ ನನ್ನ ಮುಖ ನೋಡಲ್ಲ. ನನಗೇ ನನ್ನ ಮುಖ ನೋಡ್ಕೊಳ್ಳೋಕಾಗಲ್ಲ."

"ನಿಮ್ಮಪ್ಪ ನೋಡ್ದಿದ್ರೆ ಒಂದಷ್ಟು ದಿನ ಅಳ್ತೀರಿ. ಅವಳು ಎಲ್ಲಿಗೇ ಹೋದ್ರೂ ನಾನು ಅವಳ ಮುಖ ನೋಡಲ್ಲ, ಅಮ್ಮಾವ್ರೇ. ಆದ್ರೂ ತಗೊಳ್ಳಿ ಅಂತಿದೀನಿ."

"ನಾನು ಹಾಗೆ ಮಾಡೋಳಲ್ಲ. ಅದು ಪಾಪ."

ಟೇಮರ್ ಹೊದಿಕೆಯನ್ನು ಇನ್ನೊಂದು ಸುತ್ತು ತಿರುಚಿದಳು. ನೀರು ಇಬ್ಬರ ಕಾಲ ಮೇಲೆ ಸುರಿಯಿತು.

"ನಿಮ್ಮ ಕೈ ಶುಭ್ರವಾಗಿರ್ಲಿ ಅಂತ ನನ್ನ ಮಗಳನ್ನ ಮಾರ್ಬೇಡಿ," ಎಂದಳು.

ಬಿಳಿಯ ಹೆಂಗಸಿನ ಎದುರು ಇಂಥ ಮಾತನ್ನು ಅವಳು ಈ ಮೂವತ್ತೆಂಟು ವರ್ಷದಲ್ಲಿ ಆಡಿದ್ದೇ ಇಲ್ಲ. ಪ್ರುಡೆನ್ಸ್ ಕೆಂಪಾದಳು. ಅವಳು ಅತ್ತೆಗೆ ಹೇಳಿದರೆ ತನ್ನ ಬೆನ್ನು ಸುಲಿಯುತ್ತಾರೆ ಎಂದು ಟೇಮರ್‌ಗೆ ಹೊಳೆದದ್ದು ಬೂದಿಬುಟ್ಟಿ ಎತ್ತಿಕೊಂಡು ಹೋದ ಮೇಲೆ. ಆದರೆ ಪ್ರುಡೆನ್ಸ್ ಯಾರಿಗೂ ಹೇಳಲಿಲ್ಲ.

ಭಾನುವಾರದ ಊಟಕ್ಕೆ ಕೋಳಿ ಬೇಯಿಸಿತ್ತು. ದೊಡ್ಡಧಣಿ ಪ್ರಾರ್ಥನೆ ಮುಗಿಸಿ ಚಾಕು ಎತ್ತುವಷ್ಟರಲ್ಲಿ ಪ್ರುಡೆನ್ಸ್ ತಟ್ಟೆಯತ್ತಲೇ ನೋಡುತ್ತ ಹೇಳಿದಳು: "ಮಾವ, ಲೆಟಿ ನನಗೆ ಬೇಕು."

ಚಾಕು ಅಲ್ಲೇ ನಿಂತಿತು. ಆಮೇಲೆ ದೊಡ್ಡಧಣಿ ಕುರ್ಚಿ ಕಿರುಗುಟ್ಟುವ ಹಾಗೆ ನಕ್ಕು ಹೆಂಡತಿಯ ಕಡೆ ತಿರುಗಿದರು. "ಕೇಳಿದ್ಯೇನೇ, ಲುಕ್ರೀಷಿಯಾ? ಒಹಾಯೋಗೆ ಬುದ್ಧಿ ಬಂತು! ತಗೋ ಮಗಳೇ, ತಗೋ. ಇವತ್ತಿಂದ ನಿನ್ನೋಳು. ಎಲ್ಲರೂ ಸಾಕ್ಷಿ."

"ನನ್ನ ಸ್ವಂತಕ್ಕೆ ಕೊಟ್ರಿ ಅಲ್ವಾ?"

"ನಿನ್ನ ಸ್ವಂತಕ್ಕೇ."

ಥರ್ಸ್ಟನ್‌ನ ಮುಖ ಗಂಟಾಯಿತು. "ಒಂದು ಮಾತು ಮಾತ್ರ ಇರ್ಲಿ. ಮಾರ್ಚ್ ಕೊನೇಗೆ ಓಟು. ನಾವು ಹುಡುಗರೆಲ್ಲ ದಾಟಿ ಬರ್ತೀವಿ. ತಮ್ಮ ನಮ್ಮ ಜೊತೆ ನಿಂತು ನಮ್ಮ ಕಡೆ ಓಟು ಹಾಕ್ಬೇಕು. ಇಲ್ಲ ಅಂದ್ರೆ ಹುಡುಗಿ ವಾಪಸ್."

"ನೀವು ಅಲ್ಲಿಯೋರಲ್ಲವಲ್ಲ, ನೀವು ಹೇಗೆ ಹಾಕ್ತೀರಿ?" ಎಂದ ಜೋಯಲ್.

"ಹೊಳೆ ದಾಟಿ ಹಾಕ್ತೀವಿ. ಹೊಳೆ ಏನು ನಿನ್ನ ಮಾವಂದಾ?"

ಆ ಮಧ್ಯಾಹ್ನ ಜಗುಲಿಯಲ್ಲಿ ಗಂಡ ಹೆಂಡತಿ ಪಿಸುಮಾತಿನಲ್ಲಿ ಕಚ್ಚಾಡಿದ್ದು ಟೇಮರ್ ಕಿಟಕಿ ಒರೆಸುತ್ತ ಕೇಳಿಸಿಕೊಂಡಳು.

"ನನ್ನನ್ನ ಒಂದು ಮಾತು ಕೇಳ್ಲಿಲ್ಲ ನೀನು. ಅಲ್ಲಿ ನೆರೆಹೊರೆಯೋರಿಗೆ ಏನು ಹೇಳ್ಲಿ? ಬರೀಗೈಲಿ ದುಡೀತೀನಿ ಅಂತ ಊರಿಗೆಲ್ಲ ಸಾರಿ ಬಂದಿದ್ದೀನಿ."

"ಹೆಂಡ್ತಿ ಸೋಮಾರಿ ಅಂತ ಹೇಳು."

"ತಮಾಷೆ ಅಲ್ಲ ಪ್ರುಡೆನ್ಸ್."

"ನನಗೆ ತಮಾಷೆಯಾಗಿ ಕಾಣಿಸ್ತಿದ್ಯಾ?"

ಹೊರಡುವ ದಿನ ಹತ್ತಿರ ಬಂದಂತೆ ಲೆಟಿ ತಾಯಿಯ ಜೊತೆ ಮಾತು ಬಿಟ್ಟಳು. ಕಾಕಂಬಿಯ ಜಾಡಿ, ಉಪ್ಪುಮಾಂಸ, ಹಿಟ್ಟಿನ ಚೀಲ ಎಲ್ಲವನ್ನೂ ಗಾಡಿಗೆ ಏರಿಸಿದ್ದಾಯಿತು. ಟೇಮರ್ ತನ್ನ ಉಣ್ಣೆಯ ಶಾಲನ್ನು ಮಗಳಿಗೆ ಹೊದಿಸಲು ಹೋದಾಗ ಲೆಟಿ ಕೊಸರಿಕೊಂಡಳು.

"ನೀನೇ ಅವರ ಕಾಲು ಹಿಡಿದು ಕೊಡ್ಸಿದ್ಯಂತೆ. ಅಜ್ಜಿ ಹೇಳಿದ್ಲು. ಬೇರೆಯೋರ ತಾಯಂದ್ರು ಮಕ್ಕಳನ್ನ ಕಳಿಸ್ಬೇಡಿ ಅಂತ ಅಳ್ತಾರೆ."

"ಅವರು ಅತ್ತು ಯಾರು ಉಳಿದಿದ್ದಾರೆ ಹೇಳು."

"ಅಲ್ಲಿಂದ ಒಂದು ದಿನ ಓಡಿ ಬಂದುಬಿಡ್ತೀನಿ."

"ಬಂದ್ರೆ ಕಾಲು ಮುರೀತೀನಿ," ಎಂದಳು ಟೇಮರ್, ಹಲ್ಲು ಕಚ್ಚಿ. "ಓಡೋದಿದ್ರೆ ಆ ಕಡೆಗೆ ಓಡು. ಈ ಕಡೆಗೆ ಅಲ್ಲ. ಕೇಳಿಸ್ತಾ?"

ಲೆಟಿ ತಾಯಿಯನ್ನು ದಿಟ್ಟಿಸಿದಳು. ಶಾಲನ್ನು ಈ ಸಲ ತಾನೇ ಎಳೆದುಕೊಂಡು ಹೊದ್ದಳು.

ಆಮೇಲಿನ ವಾರಗಳಲ್ಲಿ ಮನೆಯಲ್ಲಿ ಯಾರಿಗೂ ಬಿಡುವಿರಲಿಲ್ಲ. ಅಂಗಳದ ತುಂಬ ಅಪರಿಚಿತ ಕುದುರೆಗಳು. ಥರ್ಸ್ಟನ್ ಊರೂರು ಸುತ್ತಿ ಗಂಡಸರನ್ನು ಕೂಡಿಸುತ್ತಿದ್ದ. ಅಂಗಿಯ ಗುಂಡಿಗೆ ಒಂದೊಂದು ಸೆಣಬಿನ ಎಳೆ ಕಟ್ಟಿಕೊಂಡು ಬರುತ್ತಿದ್ದರು, ಅದು ತಮ್ಮವರೆಂಬ ಗುರುತು. ಬಂದವರಿಗೆಲ್ಲ ಕಾಫಿ, ರೊಟ್ಟಿ. ಟೇಮರ್ ಹಿಟ್ಟು ನಾದುತ್ತ ಎಲ್ಲ ಕೇಳಿಸಿಕೊಂಡಳು. ಗಾಡಿಗಳು ಜೋಯಲ್‌ನ ಗುಡಿಸಲಿನ ಹತ್ತಿರವೇ ಬಿಡಾರ ಹೂಡುತ್ತವೆ. ಓಟಿನ ಕಟ್ಟೆ ಅಲ್ಲಿಂದ ಅರ್ಧ ತಾಸಿನ ದಾರಿ.

"ಅಡುಗೆಗೆ ಯಾರು, ಚಿಕ್ಕಧಣಿ?" ಎಂದು ಥರ್ಸ್ಟನ್‌ಗೆ ಕಾಫಿ ಸುರಿಯುತ್ತ ಕೇಳಿದಳು.

"ನಾವೇ ಬೇಯಿಸ್ಕೋತೀವಿ."

"ಹೋದ ಸಲದ ಓಟಿಗೆ ನೀವೇ ಬೇಯಿಸ್ಕೊಂಡು ಹೋಗಿ ದಾರೀಲಿ ಎಲ್ಲರಿಗೂ ಹೊಟ್ಟೆ ಕೆಟ್ಟು, ಪೊದೆ ಪೊದೆ ಹುಡುಕ್ತಿದ್ರಂತೆ."

ಸುತ್ತ ಕುಳಿತವರು ಹೋ ಎಂದರು. ಕೆಂಪುಗಡ್ಡದ ಒಬ್ಬ, "ನಿಜ ಕಣಯ್ಯ ಥರ್ಸ್ಟನ್, ಇವಳ ರೊಟ್ಟಿ ಇದ್ರೆ ನಾನು ಎರಡು ಓಟು ಹಾಕ್ತೀನಿ!" ಎಂದ.

ಲುಕ್ರೀಷಿಯಮ್ಮ ಹಾರಾಡಿದರು. "ನಮಗೆ ಯಾರು ಬೇಯಿಸ್ಬೇಕು? ನಾನು ಒಲೆ ಊದ್ಲಾ?" ಹೊಲದ ಕೆಲಸದ ಹೆಂಗಸೊಬ್ಬಳನ್ನು ಅಡುಗೆಗೂ ಡೋರ್ಕಸ್‌ಳಿಗೆ ತುತ್ತು ಉಣಿಸಲಿಕ್ಕೂ ಗೊತ್ತು ಮಾಡಿ, ಕೊನೆಗೆ ಟೇಮರ್ ಗಾಡಿ ಹತ್ತಿದಳು.

ಜೋಯಲ್‌ನ ಗುಡಿಸಲು ಬೋಳು ದಿಣ್ಣೆಯ ಮೇಲೆ ಒಂಟಿಯಾಗಿ ನಿಂತಿತ್ತು. ಗಾಳಿಗೆ ತಡೆಯಿಲ್ಲ. ದಿಣ್ಣೆಯ ಕೆಳಗೆ ತೊರೆ, ತೊರೆಯಾಚೆ ಇನ್ನೂ ಎರಡು ಮೂರು ಗುಡಿಸಲುಗಳ ಹೊಗೆ. ಗಾಡಿಗಳು ಬಂದು ನಿಂತಾಗ ಲೆಟಿ ಅಗೆದ ನೆಲದಲ್ಲಿ ಬಗ್ಗಿ ಕಲ್ಲು ಆರಿಸುತ್ತಿದ್ದಳು, ಅವಳ ಪಕ್ಕದಲ್ಲಿ ಪ್ರುಡೆನ್ಸ್ ಕೂಡ. ಟೇಮರ್ ಗಾಡಿಯಿಂದ ಇಳಿಯುವಾಗ ಲೆಟಿ ಓಡಿಬಂದಳು. ಹತ್ತಿರ ಬಂದ ಮೇಲೆ ಸುತ್ತಲಿನ ಗಂಡಸರನ್ನು ಕಂಡು ಕೈ ಕಟ್ಟಿ ನಿಂತಳು.

"ಅವ್ವ, ನೀರು ತರ್ಲಾ?" ಎಂದಳು, ಬೇರೆಯೇನೂ ತೋಚದೆ.

ತೊರೆಯ ಹತ್ತಿರ, ಬಿಂದಿಗೆ ಮುಳುಗಿಸುತ್ತ, ಲೆಟಿ ತಾಯಿಗೆ ಮೆಲ್ಲಗೆ ಎಲ್ಲವನ್ನೂ ಹೇಳಿದಳು. ಆಚೆ ಗುಡಿಸಲಿನಲ್ಲಿ, ಗುಲಾಮಗಿರಿಯನ್ನು ಒಪ್ಪದ ಕ್ವೇಕರ್ ಮತದ ಗಂಡ ಹೆಂಡತಿ ಇದ್ದಾರೆ. ಹೆಂಡತಿಗೆ ಹೆರಿಗೆ ಹತ್ತಿರ, ಅಯೋವಾದ ತಾಯಿಮನೆಗೆ ಹೊರಟಿದ್ದಾರೆ. ಅಯೋವಾದಲ್ಲಿ ಗುಲಾಮರಿಲ್ಲ. ಗಾಡಿಯಲ್ಲಿ ಲೆಟಿಗೆ ಜಾಗ ಇದೆ ಎಂದು ಪ್ರುಡೆನ್ಸಮ್ಮ ಕೇಳಿ ಬಂದಿದ್ದಾರೆ.

"ಯಾವಾಗ?"

"ಈ ವಾರ ಅಂತಿದ್ರು. ಈಗ ಇವರೆಲ್ಲ ಬಂದ್ರಲ್ಲ. ದಾರಿ ತುಂಬ ಇವರೇ."

"ನಾಳೆ ಇವರೆಲ್ಲ ಒಂದೇ ಕಡೆ ಇರ್ತಾರೆ," ಎಂದಳು ಟೇಮರ್. "ಓಟಿನ ಕಟ್ಟೇಲಿ."

ಗುಡಿಸಲಿನ ಎದುರು ಅಷ್ಟರಲ್ಲಿ ಅಣ್ಣತಮ್ಮಂದಿರ ದನಿ ಏರಿತ್ತು.

"ನಾನು ಹಾಕಲ್ಲ. ಇದು ನಾನು ಬದುಕೋ ಊರು. ನೀವು ನಾಳೆ ಸಂಜೆ ಗಾಡಿ ಹತ್ತಿ ಹೋಗ್ತೀರಿ."

"ಹಾಕ್ಬೇಡ. ಹುಡುಗಿನ ಈಗ್ಲೇ ಗಾಡಿ ಹತ್ತಿಸು."

ಪ್ರುಡೆನ್ಸ್ ಬಾಗಿಲಲ್ಲಿ ನಿಂತಿದ್ದಳು. ಟೇಮರ್ ಬಿಂದಿಗೆ ಹೊತ್ತು ಅವಳ ಪಕ್ಕದಿಂದ ಹಾಯುವಾಗ, "ನಾಳೆ ಬೆಳಿಗ್ಗೆ. ಅವರು ಹೊರಟ ಮೇಲೆ," ಎಂದಷ್ಟೇ ಅಂದಳು.

ಪ್ರುಡೆನ್ಸ್ ಹೊರಗೆ ಬಂದು ಗಂಡನ ತೋಳು ಹಿಡಿದಳು. "ಜೋಯಲ್, ಹೋಗಿ ಹಾಕು."

"ನೀನಾ ಈ ಮಾತು ಹೇಳ್ತಿರೋದು?"

"ನಾನೇ. ಅಣ್ಣನ ಜೊತೆ ಹೋಗು. ಅವರು ಹೇಳಿದ್ದಕ್ಕೇ ಹಾಕು."

ಜೋಯಲ್ ಅವಳನ್ನು ಗುರುತು ಸಿಗದವನ ಹಾಗೆ ನೋಡಿದ. ತೊರೆಯಾಚೆಯ ಗುಡಿಸಲುಗಳ ಕಡೆ ಒಮ್ಮೆ ನೋಡಿದ. ಅವರೊಡನೆ ಅವನು ದಿಮ್ಮಿ ಹೊತ್ತಿದ್ದ, ಬಾವಿ ತೋಡಿದ್ದ. ನಾಳೆ ಅವರ ಕಣ್ಣೆದುರೇ ಹಾಕಬೇಕು. "ಆಯ್ತು," ಎಂದು ನೆಲಕ್ಕೆ ಉಗಿದ. ಥರ್ಸ್ಟನ್ ಅವನ ಬೆನ್ನು ತಟ್ಟಿದ.

ಬೆಳಿಗ್ಗೆ ಗಂಡಸರು ಕಾಫಿ ಕುಡಿದು, ಪಿಟೀಲು ಕುಯ್ಯುತ್ತ ಹೊರಟರು. "ಮಧ್ಯಾಹ್ನ ಅರ್ಧ ಜನ ಊಟಕ್ಕೆ ಬರ್ತೀವಿ, ಉಳಿದೋರು ಸಂಜೆಗೆ," ಎಂದು ಥರ್ಸ್ಟನ್ ಕೂಗಿದ. ದಿಣ್ಣೆಯ ಮರೆಗೆ ಕೊನೆಯ ಕುದುರೆ ಇಳಿಯುವವರೆಗೆ ಮೂವರು ಹೆಂಗಸರೂ ತಮ್ಮ ತಮ್ಮ ಕೆಲಸದಲ್ಲೇ ಇದ್ದರು. ಆಮೇಲೆ ಪ್ರುಡೆನ್ಸ್ ತನ್ನ ಟೊಪ್ಪಿಗೆ ತೆಗೆದು ಲೆಟಿಗೆ ಕಟ್ಟಿ, ಅಂಚನ್ನು ಮುಖದ ಮೇಲೆ ಎಳೆದಳು.

"ನೀನೂ ನಡಿ ಟೇಮರ್. ಗಾಡೀಲಿ ಇನ್ನೊಬ್ಬರು ಹಿಡೀತಾರೆ."

ಲೆಟಿ ತಾಯಿಯ ಕೈ ಹಿಡಿದಳು. "ಬಾ ಅವ್ವ. ಬಾ."

ಟೇಮರ್ ದಾರಿಯನ್ನು ನೋಡಿದಳು. ತೊರೆ ದಾಟಿ, ದಿಣ್ಣೆ ಹತ್ತಿ, ಉತ್ತರಕ್ಕೆ ಬೆಳ್ಳಗೆ ಹಾದುಹೋಗಿತ್ತು. ಅಷ್ಟೇ ನಡೆದರೆ ಆಯಿತು. ಕಾಲು ಒಂದು ಹೆಜ್ಜೆ ಇಟ್ಟೂ ಇಟ್ಟಿತು.

"ಮಧ್ಯಾಹ್ನ ಬಂದೋರಿಗೆ ರೊಟ್ಟಿ ಇಲ್ದಿದ್ರೆ ಒಂದು ಗಳಿಗೇಲಿ ಕುದುರೆ ಹತ್ತಿ ಹುಡುಕ್ತಾರೆ," ಎಂದಳು. "ಒಲೆ ಉರೀತಿದ್ರೆ ಯಾರೂ ಏನೂ ಕೇಳಲ್ಲ. ಅಲ್ಲಿ ಅವ್ವ ಬೇರೆ ಬಾಯಿ ತೆರ್ಕೊಂಡು ಕೂತಿದಾಳೆ. ಹೋಗು."

"ನಾನು ನಿನ್ನ ಮೇಲೆ ಸಿಟ್ಟು ಮಾಡ್ಕೊಂಡಿದ್ದೆ..."

"ಈಗ್ಲೂ ಮಾಡ್ಕೋ. ಹೋಗ್ತಾ ಮಾಡ್ಕೋ. ನಿಂತ್ಕೊಂಡು ಬೇಡ."

ಲೆಟಿ ಹಿಟ್ಟಾಗಿದ್ದ ತಾಯಿಯ ಅಂಗೈಯನ್ನು ಕೆನ್ನೆಗೆ ಒತ್ತಿಕೊಂಡಳು. ಕೆನ್ನೆಯ ಮೇಲೆ ಬೆರಳ ಗುರುತು ಬೆಳ್ಳಗೆ ಕೂತಿತು. ಪ್ರುಡೆನ್ಸ್ ಅದನ್ನು ತನ್ನ ಲಂಗದ ಅಂಚಿನಿಂದ ಒರೆಸಿ, ಹುಡುಗಿಯ ಭುಜ ಹಿಡಿದು ಇಳಿಜಾರಿಗೆ ನಡೆಸಿದಳು.

ಟೇಮರ್ ರೊಟ್ಟಿ ಬೇಯಿಸಿದಳು. ಕಾಳಿನ ಹಂಡೆ ಕುದಿಯಿತು. ಉಪ್ಪುಮಾಂಸ ಹೆಚ್ಚಿದಳು, ಸೌದೆ ಒಡೆದಳು, ಇನ್ನೊಂದು ಸಲ ಹಿಟ್ಟು ಕಲಸಿದಳು. ಉತ್ತರದ ದಿಣ್ಣೆಯ ಕಡೆ ತಲೆ ತಿರುಗದಂತೆ ಕತ್ತನ್ನು ಬಿಗಿ ಹಿಡಿದಿದ್ದಳು. ಮಧ್ಯಾಹ್ನ ಅರ್ಧ ಜನ ಬಂದರು, ತಿಂದರು, ಹೊಗಳಿದರು, ಹೋದರು. ಲೆಟಿ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಬಿಸಿಲು ವಾಲುವ ಹೊತ್ತಿಗೆ ಪ್ರುಡೆನ್ಸ್ ಒಬ್ಬಳೇ ಮೊಣಕಾಲಿನವರೆಗೆ ಕೆಸರಾಗಿ ಹಿಂದಿರುಗಿದಳು. ಟೇಮರ್‌ಳತ್ತ ನೋಡಿ ಒಮ್ಮೆ ತಲೆಯಾಡಿಸಿದಳು. ಒಳಗೆ ಹೋಗಿ ಬೂಟು ತೊಳೆದಳು.

ಸಂಜೆಗೆ ಎಲ್ಲರೂ ಬಂದರು. ಗೆದ್ದ ಅಮಲು ಬೇರೆ, ಬಾಟಲಿಯ ಅಮಲು ಬೇರೆ. ಕೆಂಪುಗಡ್ಡದವನು ಮೂರು ಸಲ ಮೂರು ಹೆಸರಲ್ಲಿ ಓಟು ಹಾಕಿದ್ದನ್ನು ಹೇಳಿ ನಗಿಸುತ್ತಿದ್ದ. ಜೋಯಲ್ ಎಲ್ಲರಿಂದ ದೂರ, ಕೊರಡಿನ ಮೇಲೆ ಕುಳಿತಿದ್ದ. ಬಾವಿ ತೋಡಲು ಜೊತೆಯಾಗಿದ್ದ ನೆರೆಯವನು ಕಟ್ಟೆಯಲ್ಲಿ ಅವನ ಮುಖಕ್ಕೇ, "ನಿನ್ನ ಹಗ್ಗ ನಿನಗೆ ವಾಪಸ್ ಕಳಿಸ್ತೀನಿ," ಎಂದಿದ್ದನಂತೆ.

ಥರ್ಸ್ಟನ್ ತಟ್ಟೆ ಕೆಳಗಿಟ್ಟು ಬಾಯಿ ಒರೆಸಿಕೊಂಡ. "ಲೆಟಿ! ಸಾಮಾನು ಕಟ್ಕೋ. ನಮ್ಮ ಜೊತೆ ಬರ್ತಿದೀಯ."

ಜೋಯಲ್ ಎದ್ದುನಿಂತ. "ನಾನು ಓಟು ಹಾಕಿದೆ."

"ಹಾಕಿದ್ದು ನಿನ್ನ ಕರ್ತವ್ಯ. ಆದ್ರೆ ಸುತ್ತ ನೋಡು, ಎಲ್ಲ ಯಾಂಕಿಗಳೇ. ಇಲ್ಲಿ ಬಿಟ್ರೆ ಒಂದು ತಿಂಗಳಲ್ಲಿ ಓಡಿಸ್ತಾರೆ. ಟೆಕ್ಸಸ್ಸೇ ವಾಸಿ. ಲೆಟಿ!"

ಪ್ರುಡೆನ್ಸ್ ಬಾಗಿಲಿಗೆ ಬಂದಳು. "ಅವಳಿಲ್ಲ. ಮಾವ ನನ್ನ ಸ್ವಂತಕ್ಕೆ ಅಂತ ಕೊಟ್ರು. ನಾನು ಬಿಟ್ಟುಕೊಟ್ಟೆ."

ಪಿಟೀಲು ನಿಂತಿತು. ಥರ್ಸ್ಟನ್ ಅವಳ ಕಡೆ ನೋಡಲೂ ಇಲ್ಲ, ತಮ್ಮನ ಹತ್ತಿರ ಹೋಗಿ ಅಂಗಿಯ ಎದೆ ಹಿಡಿದ.

"ಹೆಂಡ್ತೀದು ಅಂದ್ರೆ ಗಂಡಂದು, ಕಾನೂನು ನಿನಗೂ ಗೊತ್ತು. ಇವಳು ನಿನ್ನ ಆಸ್ತಿ ಕದ್ದಿದ್ದಾಳೆ. ಎಲ್ಲಿಗೆ ಕಳಿಸಿದ್ಲು ಕೇಳು. ಕೇಳೋ! ಇನ್ನೂ ಬೆಳಕಿದೆ, ಹಿಡಿದು ತರ್ತೀವಿ."

ಜೋಯಲ್‌ಗೆ ಏನೂ ಗೊತ್ತಿರಲಿಲ್ಲ. ಹೆಂಡತಿಯನ್ನು ನೋಡಿದ, ಅವಳ ಒದ್ದೆ ಬೂಟು ನೋಡಿದ. ಹಿಂದಿನ ದಿನ ಅವಳು ಯಾಕೆ ಹೋಗು ಎಂದಳು ಎನ್ನುವುದು ಅವನ ಮುಖದಲ್ಲಿ ನಿಧಾನವಾಗಿ ತಿಳಿಯುತ್ತ ಬಂದದ್ದನ್ನು ಟೇಮರ್ ಹಂಡೆಯ ಆಚೆಯಿಂದ ಕಂಡಳು. ಈಗ ಅವನು ಒಂದು ಮಾತು ಆಡಿದರೆ ಮುಗಿಯಿತು.

"ಅವಳೇನು ಕಳಿಸೋದು," ಎಂದ ಜೋಯಲ್. "ನಾನೇ ಕಳಿಸಿದೆ. ಬೆಳಿಗ್ಗೆ ನೀವು ಹೊರಡೋ ಗಲಾಟೇಲಿ. ದಕ್ಷಿಣಕ್ಕೆ ಹೋಗೋ ಗಾಡೀಲಿ. ಹೋಗಿ ಹುಡುಕು."

ಥರ್ಸ್ಟನ್ ಹೊಡೆದ. ಜೋಯಲ್ ಬಿದ್ದು, ಎದ್ದು, ಅಣ್ಣನ ಸೊಂಟ ಹಿಡಿದುಕೊಂಡ. ಇಬ್ಬರೂ ಉತ್ತ ಮಣ್ಣಿನಲ್ಲಿ ಉರುಳಾಡಿದರು, ಕಿರಿಯನ ಮೂಗಿನಿಂದ ರಕ್ತ ಸುರಿಯಿತು. ಕೊನೆಗೆ ನಾಲ್ಕು ಜನ ಸೇರಿ ಬಿಡಿಸಿದರು. ಯಾರೋ ಗುಡಿಸಲಿಗೆ ಬೆಂಕಿ ಇಡೋಣ ಎಂದರು, ಇನ್ಯಾರೋ, "ಕ್ರೆನ್‌ಷಾ ಮನೇಗೇ ಕ್ರೆನ್‌ಷಾ ಬೆಂಕಿನಾ? ಬಿಡ್ರಯ್ಯ," ಎಂದರು. ಏದುಸಿರು ಬಿಡುತ್ತಿದ್ದ ಥರ್ಸ್ಟನ್ ಟೇಮರ್‌ಳ ಕಡೆ ತಿರುಗಿದ.

"ನಿನಗೆ ಗೊತ್ತಿತ್ತು."

"ನಾನು ಬೆಳಗಿಂದ ಒಲೆ ಬಿಟ್ಟು ಎದ್ದಿಲ್ಲ, ಚಿಕ್ಕಧಣಿ," ಎಂದಳು ಟೇಮರ್. "ನಿನ್ನೆಯಿಂದ ನಿಮ್ಮೆಲ್ಲರ ಹೊಟ್ಟೆಗೆ ಬೇಯಿಸ್ತಾ ಇದೀನಿ. ಕೇಳಿ ಬೇಕಿದ್ರೆ."

"ಅದೇನೋ ನಿಜ," ಎಂದ ಕೆಂಪುಗಡ್ಡದವನು, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು. "ಮಧ್ಯಾಹ್ನವೂ ಇಲ್ಲೇ ಇದ್ಲು. ಅಲ್ಲಾಡ್ಲಿಲ್ಲ."

ಕೆಲವರು ದಕ್ಷಿಣಕ್ಕೆ ಕುದುರೆ ಓಡಿಸಿ, ಕತ್ತಲಾಗುವ ಮೊದಲೇ ಬೇಸತ್ತು ವಾಪಸ್ಸಾದರು.

ಮನೆಗೆ ಮರಳಿದ ಮೇಲೆ ಆ ಮೇಜಿನ ಬಳಿ ಜೋಯಲ್‌ನ ಹೆಸರು ಯಾರೂ ಎತ್ತಕೂಡದು ಎಂದು ದೊಡ್ಡಧಣಿ ಅಪ್ಪಣೆ ಮಾಡಿದರು. ಲುಕ್ರೀಷಿಯಮ್ಮ ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ಥರ್ಸ್ಟನ್, ಆಲೂಗಡ್ಡೆ ಹಾಕಿಸಿಕೊಳ್ಳುತ್ತಲೇ, "ಹುಡುಗಿ ಹೋದ ಲೆಕ್ಕಕ್ಕೆ ಇವಳೇ ಇರ್ಲಿ. ಟೆಕ್ಸಸ್‌ಗೆ ಇವಳನ್ನ ಕರ್ಕೊಂಡು ಹೋಗ್ತೀನಿ," ಎಂದ. "ನನ್ನ ಅಡುಗೆಯೋಳನ್ನಾ?" ಎಂದು ತಾಯಿ ಕಿರುಚಿದರು. ಜಗಳ ಮತ್ತೆ ಶುರುವಾಯಿತು. ಟೇಮರ್ ಬಡಿಸುವುದು ಮುಗಿಸಿ, ಬೋಗುಣಿ ಎತ್ತಿಕೊಂಡು, ಅಂಗಳ ದಾಟಿದಳು.

ಅಡುಗೆಮನೆಯಲ್ಲಿ ಡೋರ್ಕಸ್ ಕಾದಿದ್ದಳು. ಬಂದ ದಿನದಿಂದ ಸುತ್ತ ಯಾರಾದರೊಬ್ಬರು ಇದ್ದೇ ಇದ್ದರು. ತಾಯಿ ಮಗಳು ಇಬ್ಬರೇ ಆದದ್ದು ಈಗ.

"ಹೋದ್ಲಾ?"

"ಹೋದ್ಲು ಅವ್ವ. ಉತ್ತರಕ್ಕೆ."

"ಗಾಡೀಲಿ ಅವಳೊಬ್ಬಳಿಗೇ ಜಾಗ ಇತ್ತಾ?"

ಟೇಮರ್ ಗಂಜಿ ಕದಡಿದಳು. "ಇನ್ನೊಬ್ಬರಿಗೆ ಇತ್ತು."

"ಮತ್ತೆ ನೀನ್ಯಾಕೆ ಬಂದೆ ಇಲ್ಲಿಗೆ?"

"ನಿನಗೆ ಯಾರು ಉಣ್ಸೋರು?"

ಮುದುಕಿಯ ಮುಖ ಜೋಲುಬಿದ್ದ ಅರ್ಧವೂ ಸೇರಿದಂತೆ ಸಿಟ್ಟಿನಿಂದ ಅದುರಿತು. "ನನ್ನ ಬಾಯಿಗಾಗಿ ಬಂದ್ಯಾ? ಈ ಹಲ್ಲಿಲ್ಲದ ಬಾಯಿಗಾಗಿ? ಅವನು ಟೆಕ್ಸಸ್‌ಗೆ ಎಳ್ಕೊಂಡು ಹೋದ್ರೆ ಅವತ್ತು ಉಣ್ಸೋದು ಯಾರೇ, ಕತ್ತೆ?"

ಟೇಮರ್ ಚಮಚ ಎತ್ತಿದಳು. ಡೋರ್ಕಸ್ ಬಾಯಿ ಮುಚ್ಚಿ ಮುಖ ತಿರುಗಿಸಿದಳು.

"ಬಟ್ಟಲು ಇಲ್ಲಿಡು."

"ಅವ್ವ..."

"ನನ್ನ ತೊಡೆ ಮೇಲಿಡು ಅಂದೆ."

ಟೇಮರ್ ಇಟ್ಟಳು. ಮುದುಕಿ ಎಡಗೈಯಿಂದ ಚಮಚವನ್ನು ಸುತ್ತಿಗೆ ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿದಳು. ಮೊದಲನೆಯದು ಎದೆಯ ಮೇಲೆ ಸುರಿಯಿತು, ಎರಡನೆಯದು ಗದ್ದಕ್ಕೆ ಬಡಿಯಿತು. ಟೇಮರ್‌ಳ ಕೈ ತಾನಾಗಿ ಮುಂದೆ ಬಂತು.

"ಮುಟ್ಟಿದ್ರೆ ನೋಡು," ಎಂದಳು ಡೋರ್ಕಸ್. "ಸೆಣಬು ಕೊಯ್ಯೋದರೊಳಗೆ ಕಲ್ತಿರ್ತೀನಿ. ಆಮೇಲೆ ನನ್ನ ಬಾಯಿ ನಿನ್ನ ಕಾಲು ಕಟ್ಟಲ್ಲ. ಆ ಕಡೆ ತಿರುಗಿ ಕೂತ್ಕೋ."

ಟೇಮರ್ ತಿರುಗಿ ಕುಳಿತಳು. ಬೆನ್ನ ಹಿಂದೆ ಚಮಚ ಬಟ್ಟಲಿಗೆ ತಾಗಿದ ಸದ್ದು, ಚೆಲ್ಲಿದ ಸದ್ದು, ಬೈಗುಳ. ಮತ್ತೆ ಚಮಚ. ಆಮೇಲೆ, ಬಹಳ ಹೊತ್ತಿನ ಮೇಲೆ, ಒಂದು ಗುಟುಕು ಗಂಟಲಿಗಿಳಿದ ಸದ್ದು.